ಕಸ್ತೂರಿಬಾಯಿಯ ಎರಡು ನಿಮಿಷ

ನಾಸಿಕದ ಪಂಚವಟಿಯಲ್ಲಿ ನಾವಿದ್ದ ವಾಡೆಯಲ್ಲಿ ಹನ್ನೊಂದು ಬಿಡಾರ, ನಡುವೆ ಕಲ್ಲು ಹಾಸಿದ ಅಂಗಳ, ಅಂಗಳಕ್ಕೆ ಒಂದೇ ನಳ. ಬೆಳಿಗ್ಗೆ ಆರಕ್ಕೆ ನೀರು ಬಂದರೆ ಏಳಕ್ಕೆ ಮಾಯ. ಆ ಒಂದು ತಾಸು ನಳದ ಆಡಳಿತವೆಲ್ಲ ಕಸ್ತೂರಿಬಾಯಿಯವರದು. ಅವರನ್ನು ಯಾರೂ ನೇಮಿಸಿರಲಿಲ್ಲ, ಬಾಯಿಯ ಬಲದಿಂದಲೇ ಆ ಹುದ್ದೆಗೆ ಏರಿದ್ದರು.

ಧಾರವಾಡದಿಂದ ಬ್ಯಾಂಕಿನ ವರ್ಗದ ಮೇಲೆ ಬಂದ ಮೊದಲ ದಿನವೇ ನಾನು ಸರದಿ ತಿಳಿಯದೆ ನಡುವೆ ಕೊಡ ತೂರಿಸಿದೆ. ಮರಾಠಿಯಲ್ಲಿ ಒಂದು ಮಳೆಯೇ ಸುರಿಯಿತು. "ತುಮ್ಚ್ಯಾ ಬಾಪಾಚಾ ನಳ ಆಹೆ ಕಾ?" ನಿಮ್ಮಪ್ಪನ ನಳವೇನು ಎಂಬುದಷ್ಟೇ ನನಗೆ ಅರ್ಥವಾದದ್ದು. "ಎಂಥಾ ಬಾಯಿನಪಾ ಈಕಿದು" ಎಂದು ನಾನು ಕನ್ನಡದಲ್ಲಿ ಗೊಣಗಿದೆ. ಕಸ್ತೂರಿಬಾಯಿ ತಟ್ಟನೆ ಬೈಗುಳ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

"ನಮ್ಮ ಕಡಿಯೋರಾ ನೀವು? ಮೊದಲೇ ಹೇಳ್ಬಾರ್ದೇನ್ರಿ ರಾಯರ? ಕನ್ನಡದಾಗೇ ಬೈತಿದ್ದೆ."

ಅವತ್ತು ಮಧ್ಯಾಹ್ನ ನನ್ನ ಹೆಂಡತಿ ವಸುಧಾಳ ಕೈಗೆ ಎಂಟು ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಂದವು. ಏಳು ವರ್ಷ ಹಾಗೆ ಬರುತ್ತಲೇ ಇದ್ದವು.

ಅವರದು ಬೀದರ್ ಜಿಲ್ಲೆಯ ಔರಾದ್. ಗಂಡ ಮನ್ಮಥಪ್ಪನವರು ಹತ್ತಿರದ ಸಿನ್ನರಿನ ಒಂದು ಕಾರ್ಖಾನೆಯಲ್ಲಿ ಲೇಥ್ ಮಶೀನಿನ ಮೇಲೆ ದುಡಿಯುತ್ತಿದ್ದರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾಗದಂತೆ ಕಬ್ಬಿಣ ಕಡೆಯುವ ಮನುಷ್ಯ, ಮನೆಯಲ್ಲಿ ಮಾತ್ರ ಮಾತಿನ ತನ್ನ ಪಾಲನ್ನೆಲ್ಲ ಹೆಂಡತಿಗೆ ಬಿಟ್ಟುಕೊಟ್ಟಿದ್ದರು. ಮಕ್ಕಳಿರಲಿಲ್ಲ. ಕಸ್ತೂರಿಬಾಯಿಯವರಿಗೆ ಇದ್ದದ್ದು ಅವರ ಲಿಂಗ. ಕೊರಳಲ್ಲಿ ಶಿವದಾರ, ದಾರಕ್ಕೆ ಬೆಳ್ಳಿಯ ಕರಡಿಗೆ, ಕರಡಿಗೆಯೊಳಗೆ ಹುಟ್ಟಿದ ಹನ್ನೊಂದನೇ ದಿನ ಅಯ್ಯನವರು ಕಟ್ಟಿದ ಲಿಂಗ. ಸ್ನಾನ ಮಾಡುವಾಗಲೂ ಅದು ಮೈ ಬಿಟ್ಟದ್ದಿಲ್ಲ. ಒಂದು ಗುಟುಕು ಚಹಾ ಇರಲಿ, ಒಂದು ಹರಳು ಸಕ್ಕರೆ ಇರಲಿ, ಎದೆಯ ಹತ್ತಿರ ಹಿಡಿದು ಲಿಂಗಕ್ಕೆ ತೋರಿಸಿದ ಮೇಲೆಯೇ ಬಾಯಿಗೆ. ನಾನು ಒಮ್ಮೆ ಚೇಷ್ಟೆ ಮಾಡಿದ್ದೆ, "ಅಕ್ಕಾರ, ನಳದ ಮುಂದ ಬಾಯಿಗೆ ಬಂದದ್ದನ್ನೂ ತೋರಿಸಿ ಬೈತೀರೇನು?" ಅಂತ.

"ಬಾಯಿಂದ ಹೊರಗ ಹೋಗೋದು ನಂದು. ಒಳಗ ಹೋಗೋದು ಅವಂದು" ಎಂದಿದ್ದರು. ನಾನು ನಕ್ಕು ಮರೆತುಬಿಟ್ಟೆ. ಮರೆಯಬಾರದಿತ್ತು.

೧೯೯೮ರ ಮಳೆಗಾಲದಲ್ಲಿ ಅವರ ಎಡ ಮೊಲೆಯ ಗಡ್ಡೆ ಬಯಲಾಯಿತು. ವರ್ಷದಿಂದ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದರು. ಊರಿಗೆಲ್ಲ ಜೋರುಮಾಡುವ ಹೆಂಗಸು ಈ ಒಂದು ವಿಷಯದಲ್ಲಿ ತುಟಿ ಹೊಲಿದುಕೊಂಡು ಕೂತಿದ್ದರೆಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅವರ ತಂಗಿ ಮಲ್ಲಮ್ಮನ ಮನೆ ಔರಂಗಾಬಾದಿನಲ್ಲಿ. ಈಗ ಬಸ್ಸಿನ ಬೋರ್ಡಿನ ಮೇಲೆ ಛತ್ರಪತಿ ಸಂಭಾಜಿನಗರ ಎಂದಿರುತ್ತದೆ, ಆಗ ನಮ್ಮ ಬಾಯಲ್ಲಿ ಔರಂಗಾಬಾದೇ. ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿದ್ದಾಯಿತು. ಗಡ್ಡೆ ದೊಡ್ಡದಿದೆ, ಈಗಲೇ ಕೊಯ್ಯಲು ಬರುವುದಿಲ್ಲ. ಮೂರು ವಾರಕ್ಕೊಂದರಂತೆ ಮೂರು ಕಿಮೋ ಕೊಟ್ಟು ಕರಗಿಸಿ ಆಮೇಲೆ ಆಪರೇಶನ್, ಎಂದರು.

ಮೊದಲನೆಯದಕ್ಕೆ ಕೂದಲು ಹೋಯಿತು. "ಹೋಗ್ಲಿ, ಎಣ್ಣಿ ಉಳೀತು" ಎಂದರು ಕಸ್ತೂರಿಬಾಯಿ. ಎರಡನೆಯದಕ್ಕೆ ಗಡ್ಡೆ ಅರ್ಧಕ್ಕೆ ಇಳಿಯಿತು. ಅದರ ಜೊತೆಗೇ ಬಾಯಿ ಹೋಯಿತು.

ಹೇಗೆ ಹೇಳಲಿ. ತುಟಿಯ ಒಳಗೆ, ನಾಲಗೆಯ ಅಂಚಿಗೆ, ಗಂಟಲಿನವರೆಗೆ ಸುಟ್ಟ ಹಾಗೆ ಹುಣ್ಣು. ಅಲ್ಲಲ್ಲಿ ಬಿಳಿಯ ಪೊರೆ, ಪೊರೆ ಸರಿದಲ್ಲಿ ರಕ್ತ. ನೀರು ಕುಡಿದರೆ ಕಣ್ಣಲ್ಲಿ ನೀರು. ಜೋಳದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ವಸುಧಾ ಚಮಚದಲ್ಲಿ ಹಾಕಿದರೆ ಎರಡು ಚಮಚಕ್ಕೆ ಕೈ ಅಡ್ಡ ಹಿಡಿಯುತ್ತಿದ್ದರು. ಮಾತು ನಿಂತಿತು. ಬೆಳಿಗ್ಗೆ ಆರಕ್ಕೆ ನಳ ಬಿಟ್ಟಾಗ ಅಂಗಳದಲ್ಲಿ ಎಷ್ಟು ಸದ್ದಿಲ್ಲವೆಂದರೆ, ಅವರ ಖಾಯಂ ವೈರಿ ರುಕ್ಮಿಣಿಬಾಯಿ ತನ್ನ ಸರದಿ ಬಂದರೂ ಕೊಡ ಇಡದೆ ಅವರ ಬಾಗಿಲನ್ನೇ ನೋಡುತ್ತ ನಿಲ್ಲುತ್ತಿದ್ದಳು.

ದೀಪಾವಳಿ ಮುಗಿದ ಮರುದಿನ ನಾನೂ ಮನ್ಮಥಪ್ಪನವರೂ ಅವರನ್ನು ಎಸ್.ಟಿ. ಬಸ್ಸಿನಲ್ಲಿ ಔರಂಗಾಬಾದಿಗೆ ಕರೆದೊಯ್ದೆವು. ಅಲ್ಲಿ ಮಂದಾಕಿನಿ ಎಂಬ ಚಿಕ್ಕ ವಯಸ್ಸಿನ ಡಾಕ್ಟರು, ತಾಳ್ಮೆಯ ಹುಡುಗಿ. ಟಾರ್ಚ್ ಹಾಕಿ ಬಾಯಿ ನೋಡಿ ಮುಖ ಸಣ್ಣದು ಮಾಡಿದರು. ಇಂಥ ಬಾಯಿಗೆ ಮೂರನೆಯ ಕಿಮೋ ಕೊಡುವಂತಿಲ್ಲ, ತಡ ಮಾಡಿದರೆ ಗಡ್ಡೆ ಮತ್ತೆ ಬೆಳೆಯುತ್ತದೆ, ನವೆಂಬರ್ ಒಂಬತ್ತರ ಒಳಗೆ ಬಾಯಿ ಮಾಯಲೇಬೇಕು, ಎಂದರು. ಆಮೇಲೆ ಒಂದು ಔಷಧಿಯ ವಿಷಯ ತೆಗೆದರು. ಗ್ಲುಟಮಿನ್ ಎಂಬ ಅಮೈನೋ ಆಮ್ಲವಂತೆ. ನಾವು ತಿನ್ನುವ ಬೇಳೆ ಹಾಲುಗಳಲ್ಲೇ ಇರುವಂಥದು, ಬಾಯಿಯ ಒಳಪದರವನ್ನು ಕಟ್ಟಿಕೊಳ್ಳಲು ಮೈಗೆ ಬೇಕಾಗುವ ಸರಕು. ಪರದೇಶದಲ್ಲಿ ಕೆಲವು ರೋಗಿಗಳಿಗೆ ಕೊಟ್ಟು ನೋಡಿದ್ದಾರೆ, ಕೆಲವರಿಗೆ ಹುಣ್ಣಿನ ನೋವು ಕಡಿಮೆಯಾಗಿದೆ ಎಂದು ಬರೆದಿದ್ದಾರೆ. "ಆಗೇ ಆಗುತ್ತೆ ಅಂತ ನಾನು ಹೇಳುವುದಿಲ್ಲ. ಬೇರೆ ದಾರಿಯೂ ನನ್ನ ಹತ್ತಿರ ಇಲ್ಲ" ಎಂದರು ಮರಾಠಿಯಲ್ಲಿ.

ಕೊಡುವ ಕ್ರಮವನ್ನು ಎರಡು ಸಲ ಹೇಳಿದರು. ಪುಡಿಯನ್ನು ತಣ್ಣೀರಿನಲ್ಲಿ ಕಲಸಬೇಕು. ಗುಟುಕನ್ನು ಬಾಯಲ್ಲಿಟ್ಟುಕೊಂಡು ಗಡಿಯಾರ ನೋಡಿ ಎರಡು ನಿಮಿಷ ಎಲ್ಲ ಮೂಲೆಗೂ ಆಡಿಸಬೇಕು. ಆಮೇಲೆ ನುಂಗಬೇಕು. ದಿನಕ್ಕೆ ನಾಲ್ಕು ಸಲ. "ಗಿಳಾಯ್ಚಂ, ಥುಂಕಾಯ್ಚಂ ನಾಹೀ." ನುಂಗಬೇಕು, ಉಗುಳಬಾರದು. ಕಸ್ತೂರಿಬಾಯಿ ತಲೆ ಆಡಿಸಿದರು.

ಪುಡಿ ನಾಸಿಕದಲ್ಲೂ ಇಲ್ಲ, ಔರಂಗಾಬಾದಿನಲ್ಲೂ ಇಲ್ಲ. ನಮ್ಮ ಶಾಖೆಯ ರತ್ನಾಕರ ಅದೇ ವಾರ ಕೆಲಸದ ಮೇಲೆ ಪಂಚವಟಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈಗೆ ಹೋದವನು ಮೂರು ಅಂಗಡಿ ಅಲೆದು ತಂದುಕೊಟ್ಟ. ಬಿಳಿ ಪುಡಿ, ವಾಸನೆ ಇಲ್ಲ, ರುಚಿ ಇಲ್ಲ. ಮನ್ಮಥಪ್ಪನವರು ಕಾರ್ಖಾನೆಗೆ ರಜೆ ಹಾಕಿ, ಕೈಗಡಿಯಾರ ಬಿಚ್ಚಿ ಹಿಡಿದು ಹೆಂಡತಿಯ ಮುಂದೆ ಕೂತರು. ಕಸ್ತೂರಿಬಾಯಿ ಗುಟುಕು ತುಂಬಿಕೊಂಡು ಕೆನ್ನೆ ಉಬ್ಬಿಸಿ ಎರಡು ನಿಮಿಷ ಆಡಿಸುವರು. ಕಣ್ಣಿಂದ ನೀರು ಇಳಿಯುವುದು. ಎರಡು ನಿಮಿಷವಾಗುತ್ತಲೇ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬರುವರು. ದಿನಕ್ಕೆ ನಾಲ್ಕು ಸಲ, ಏಳು ದಿನ. ಬಾಯಿ ಇದ್ದ ಹಾಗೇ ಇತ್ತು.

ಎಂಟನೆಯ ದಿನ ವಸುಧಾ ಅವರ ಬಚ್ಚಲು ತೊಳೆಯಲು ಹೋದವಳು ಮೂಲೆಯಲ್ಲಿ ಬೂದಿಯ ಗುಡ್ಡೆ ಕಂಡಳು. ಸರಿಸಿದರೆ ಕೆಂಪು ಬೆರೆತ ಬಿಳಿ ನೀರಿನ ಕಲೆ. ಒಂದೊಂದು ಗುಟುಕನ್ನೂ ಅಲ್ಲಿ ಉಗುಳಿ ಬೂದಿ ಮುಚ್ಚಿದ್ದರು.

ನನಗೆ ಬಂದ ಸಿಟ್ಟನ್ನು ನಾನು ತಡೆಯಲಿಲ್ಲ. "ಅಕ್ಕಾರ, ಏನ್ ಹುಚ್ಚಾಟ ಇದು? ಮುಂಬೈದಾಗ ಅಲೆದು ತಂದದ್ದು ಬಚ್ಚಲಕ್ಕ ಸುರದೀರಿ?"

ಅವರು ತುಟಿ ಅಲುಗಿಸದೆ, ಗಂಟಲಿಂದ ಒಂದೊಂದೇ ಶಬ್ದ ಎತ್ತಿ ಹೇಳಿದರು. "ರಕ್ತ ಅದ ರಾಯರ ಅದ್ರಾಗ. ಕೀವು ಅದ. ನಾ ನುಂಗಿದ್ದೆಲ್ಲಾ ಇವಗ ಎಡಿ." ಕೈ ಕರಡಿಗೆಯ ಮೇಲಿತ್ತು. "ಐವತ್ತು ವರ್ಷಕ್ಕ ಬಂದು ಲಿಂಗಕ್ಕ ರಕ್ತ ಉಣಸ್ಲೇನು?"

ಮನ್ಮಥಪ್ಪನವರು ಕೈ ಮುಗಿದರು. ಹೆಂಡತಿಗೆ ಕೈ ಮುಗಿದ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. "ನುಂಗ ಕಸ್ತೂರಿ. ಪಾಪ ನನಗ ಬರ್ಲಿ." ಕಸ್ತೂರಿಬಾಯಿ ಗೋಡೆಯ ಕಡೆ ತಿರುಗಿಕೊಂಡರು.

ಆಗ ನನ್ನ ಬುದ್ಧಿ ಓಡಿತು. ನಾನು ಬಹಳ ಜಾಣನೆಂದು ನನಗೆ ಆ ಕಾಲದಲ್ಲಿ ನಂಬಿಕೆಯಿತ್ತು. ಸೋಮವಾರ ಸೋಮವಾರ ಅವರ ಮನೆಗೆ ಪೂಜೆಗೆ ಬರುವ ಅಯ್ಯನವರೊಬ್ಬರಿದ್ದರು, ಬೀದರ್ ಕಡೆಯ ಮುದುಕರು. ಅವರ ಪಾದೋದಕವೆಂದರೆ ಕಸ್ತೂರಿಬಾಯಿಗೆ ಪ್ರಾಣ. ತೀರ್ಥವನ್ನು ಯಾರಾದರೂ ಉಗುಳುತ್ತಾರೆಯೇ? ಒಂದು ಹನಿ ನೆಲಕ್ಕೆ ಬಿದ್ದರೂ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಪುಡಿಯನ್ನು ತೀರ್ಥದ ತಂಬಿಗೆಯಲ್ಲಿ ಬೆರೆಸಿ ಕೊಟ್ಟರೆ ಮುಗಿಯಿತು. ಅಯ್ಯನವರ ಹತ್ತಿರ ಹೋಗಿ ಹೇಳಿದೆ.

"ಆಕಿಗೆ ಹೇಳಿ ಕೊಡೋಣಲ್ಲ?" ಎಂದರು.

"ಹೇಳಿದ್ರ ಕುಡಿಯೂದಿಲ್ರಿ. ಆಕಿ ಹಟ ನಿಮಗ ಗೊತ್ತದ."

ಕೊನೆಗೆ ಒಪ್ಪಿದರು. ಜೀವ ಉಳಿಯುವ ಕೆಲಸ, ಶಿವ ಬೇಡ ಅನ್ನುವುದಿಲ್ಲ, ಎಂದರು. ಅವತ್ತಿನಿಂದ ದಿನಕ್ಕೆ ನಾಲ್ಕು ಸಲ ಆ ಮುದುಕರು ನಮ್ಮ ವಾಡೆಯ ಮೆಟ್ಟಿಲು ಹತ್ತಿದರು. ಕಸ್ತೂರಿಬಾಯಿ ಎದ್ದು ಕೂತು, ಸೆರಗು ಹೊದ್ದು, ಅಂಗೈ ಬಟ್ಟಲು ಮಾಡಿ ತೀರ್ಥ ಹಿಡಿದು, ತಲೆ ಹಿಂದಕ್ಕೆ ಚೆಲ್ಲಿ ಗುಟುಕ್ಕನೆ ಇಳಿಸುತ್ತಿದ್ದರು. ಅಂಗೈಯನ್ನು ನೆತ್ತಿಗೆ ಒರೆಸಿಕೊಳ್ಳುತ್ತಿದ್ದರು. ಒಂದು ಹನಿ ಕೆಳಗೆ ಬೀಳಲಿಲ್ಲ. ಬಾಗಿಲಲ್ಲಿ ನಿಂತ ನಾನು ಮನ್ಮಥಪ್ಪನವರಿಗೆ ಕಣ್ಣು ಮಿಟುಕಿಸಿದೆ. ನುಂಗಿದರು ಎಂಬ ಸಂತೋಷದಲ್ಲಿ ನಮ್ಮಿಬ್ಬರಿಗೂ ಬೇರೇನೂ ನೆನಪಾಗಲಿಲ್ಲ.

ನವೆಂಬರ್ ಒಂಬತ್ತಕ್ಕೆ ಮತ್ತೆ ಔರಂಗಾಬಾದಿಗೆ ಹೋದೆವು. ಬಾಯಿ ಮಾದಿರಲಿಲ್ಲ. ತೂಕ ಇನ್ನೂ ನಾಲ್ಕು ಕಿಲೋ ಇಳಿದಿತ್ತು. ಮಂದಾಕಿನಿ ಡಾಕ್ಟರು ನನ್ನನ್ನು ಕೇಳಿದರು, "ಪುಡಿ ಸರಿಯಾಗಿ ಕೊಟ್ಟಿರಾ?" ಕೊಟ್ಟೆವು ಎಂದೆ. "ಹೇಗೆ ತೊಗೊಳ್ಳುತ್ತಾರೆ, ತೋರಿಸಲಿ" ಎಂದು ಲೋಟದಲ್ಲಿ ನೀರು ಕೊಟ್ಟರು. ವಾರದಿಂದ ಪುಡಿಯನ್ನೇ ಮುಟ್ಟಿಲ್ಲವೆಂದುಕೊಂಡಿದ್ದ ಕಸ್ತೂರಿಬಾಯಿಗೆ ಅರ್ಥವಾಗಲಿಲ್ಲ, ನನ್ನ ಮುಖ ನೋಡಿದರು. ಇನ್ನು ಬಚ್ಚಿಡುವಂತಿರಲಿಲ್ಲ. "ಅಕ್ಕಾರ, ತೀರ್ಥ ಹೆಂಗ ತೊಗೋತಿದ್ರಿ, ಹಂಗ ತೊಗೋರಿ" ಎಂದೆ.

ಅಂಗೈ. ತಲೆ ಹಿಂದಕ್ಕೆ. ಗುಟುಕ್ಕನೆ.

"ಬಾಯಲ್ಲಿ ಒಂದು ಕ್ಷಣವೂ ನಿಲ್ಲಲಿಲ್ಲವಲ್ಲ" ಎಂದರು ಡಾಕ್ಟರು ಮೆಲ್ಲಗೆ. "ಎರಡು ನಿಮಿಷ ಎಲ್ಲಿ?"

ಮೊದಲ ವಾರ ಬಾಯಲ್ಲಿ ಆಡಿಸಿದ್ದರು, ನುಂಗಿರಲಿಲ್ಲ. ಎರಡನೆಯ ವಾರ ನುಂಗಿದ್ದರು, ಆಡಿಸಿರಲಿಲ್ಲ. ತೀರ್ಥ ಹಲ್ಲಿಗೆ ತಾಕಬಾರದೆಂದು ಅವರ ತವರಿನಲ್ಲಿ ಕಲಿಸಿದ್ದರಂತೆ. ಅದು ಮನ್ಮಥಪ್ಪನವರಿಗೂ ಗೊತ್ತಿತ್ತು, ಅಯ್ಯನವರಿಗೂ ಗೊತ್ತಿತ್ತು. ನಮ್ಮ ಮೂವರಲ್ಲಿ ಒಬ್ಬನ ತಲೆಯಾದರೂ ಕೆಲಸ ಮಾಡಬಾರದಿತ್ತೇ? ಸರಿಯಾಗಿ ಕೊಟ್ಟಿದ್ದರೆ ಮಾಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಗೊತ್ತಿಲ್ಲ. ಮಾಯುತ್ತಿರಲಿಲ್ಲವೋ ಏನೋ. ನಿಜವಾಗಿ ನನಗೆ ಗೊತ್ತಿಲ್ಲ" ಎಂದರು. ನಮ್ಮನ್ನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಿಮೋ ಮೂರು ವಾರ ಮುಂದಕ್ಕೆ ಹೋಯಿತು. ನವೆಂಬರ್ ಮೂವತ್ತಕ್ಕೆ ಬನ್ನಿ, ಎಂದರು.

ತಿರುಗಿ ಬರುವಾಗ ವೈಜಾಪುರ ದಾಟುತ್ತಲೇ ಕಸ್ತೂರಿಬಾಯಿ ನನ್ನ ಕಡೆ ತಿರುಗಿದರು.

"ತೀರ್ಥದಾಗ ಯಾಕ ಬೆರಸಿದ್ರಿ?"

"ಹೇಳಿದ್ರ ನೀವು ಕುಡಿಯೂದಿಲ್ಲಂತ" ಎಂದೆ.

"ನನಗ ಕೇಳ್ಬೇಕಿತ್ತು, ರಾಯರ. ಬಾಯಿ ಹೋಗ್ಯಾದ. ಬುದ್ಧಿ ಹೋಗಿಲ್ಲ. ಕೇಳಿದ್ರ ನಾನೇ ದಾರಿ ಹುಡುಕ್ತಿದ್ದೆ."

ಮರುದಿನ ಬೆಳಿಗ್ಗೆ ಅವರು ದಾರಿ ಹುಡುಕಿದ್ದರು. ನಮ್ಮನ್ನೆಲ್ಲ ಕರೆಸಿದರು. ಪುಡಿ ಕಲಸಿದ ಲೋಟ ಎದುರಿಗಿತ್ತು. ಎರಡೂ ಕೈ ಕೊರಳಿಗೆ ಹಾಕಿ ಶಿವದಾರವನ್ನು ತಲೆಯ ಮೇಲಿಂದ ತೆಗೆದರು. ಅಯ್ಯನವರು "ತಾಯಿ!" ಎಂದು ಎದ್ದೇ ನಿಂತರು. ಲಿಂಗ ಮೈಯಿಂದ ಬೇರೆಯಾದರೆ ಜೀವ ಬೇರೆಯಾದ ಹಾಗೆ ಎಂದು ನಂಬಿದವರು ಅವರೆಲ್ಲ. ಬೋಳಾದ ತಲೆ, ಬೋಳಾದ ಕೊರಳು, ಕಸ್ತೂರಿಬಾಯಿ ಯಾರೋ ಬೇರೆಯವರ ಹಾಗೆ ಕಂಡರು.

"ಹಿಡೀರಿ" ಎಂದು ಕರಡಿಗೆಯನ್ನು ಗಂಡನ ಕೈಗೆ ಕೊಟ್ಟರು. "ಎರಡು ನಿಮಿಷ ಇದು ನಿಮ್ಮ ಕಡಿ ಇರ್ಲಿ. ಅಷ್ಟೊತ್ತು ನಾ ಲಿಂಗ ಇಲ್ದಾಕಿ. ಏನ್ ನುಂಗಿದ್ರೂ ನನಗೇ, ಅವಗಲ್ಲ."

ಮನ್ಮಥಪ್ಪನವರ ಒಂದು ಕೈಯಲ್ಲಿ ಕರಡಿಗೆ, ಇನ್ನೊಂದರಲ್ಲಿ ಗಡಿಯಾರ. ಕೂದಲೆಳೆಯ ಅಳತೆ ನೋಡುವ ಹಾಗೆ ಅವರು ಗಡಿಯಾರದ ಮುಳ್ಳಿನ ಮೇಲೆ ಕಣ್ಣು ನೆಟ್ಟರು. ಕಸ್ತೂರಿಬಾಯಿ ಗುಟುಕು ತುಂಬಿಕೊಂಡರು. ಕಣ್ಣು ಮಿಟುಕಿಸದೆ ಗಂಡನ ಕೈಯಲ್ಲಿದ್ದ ಕರಡಿಗೆಯನ್ನೇ ನೋಡುತ್ತ ಕೆನ್ನೆಯಿಂದ ಕೆನ್ನೆಗೆ ಆಡಿಸಿದರು. ಎರಡು ನಿಮಿಷ ಎಷ್ಟು ಉದ್ದ ಎಂಬುದು ನನಗೆ ಗೊತ್ತಾದದ್ದು ಅವತ್ತು. "ಆತು" ಎಂದರು ಮನ್ಮಥಪ್ಪ. ಕಸ್ತೂರಿಬಾಯಿ ನುಂಗಿದರು. ನುಂಗಿದ್ದು ಕೊರಳಲ್ಲಿ ಇಳಿಯುವುದು ನಮಗೆಲ್ಲ ಕಂಡಿತು. ಆಮೇಲೆ ಬಾಯಿ ತೊಳೆದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಮರಳಿ ಕೊರಳಿಗೆ ಹಾಕಿಕೊಂಡು ಅದನ್ನು ಎದೆಗೊತ್ತಿ ಬಿಕ್ಕಿ ಬಿಕ್ಕಿ ಅತ್ತರು. ದಿನಕ್ಕೆ ನಾಲ್ಕು ಸಲ ಹೀಗೆಯೇ. ಒಂದು ಸಲವೂ ತಪ್ಪಿಸಲಿಲ್ಲ.

ಹತ್ತನೆಯ ದಿನಕ್ಕೆ ಗಂಜಿಯ ಲೋಟ ಖಾಲಿಯಾಯಿತು. ಹದಿಮೂರನೆಯ ದಿನ ಹಾಲಲ್ಲಿ ನೆನೆಸಿದ ರೊಟ್ಟಿ ತಿಂದರು. ಹದಿನೇಳನೆಯ ದಿನ ಬೆಳಿಗ್ಗೆ ನಾನು ಅರ್ಧ ಗಡ್ಡ ಬೋಳಿಸಿದ್ದೆ, ಅಂಗಳದಲ್ಲಿ ಸಿಡಿಲು ಬಿತ್ತು. "ತುಮ್ಚ್ಯಾ ಬಾಪಾಚಾ ನಳ ಆಹೆ ಕಾ?" ಸೋಪಿನ ಮುಖದಲ್ಲೇ ಹೊರಗೆ ಓಡಿದೆ. ಹನ್ನೊಂದು ಬಿಡಾರದ ಬಾಗಿಲಲ್ಲೂ ಜನ. ಕಸ್ತೂರಿಬಾಯಿ ನಳದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಎದುರಿಗೆ ರುಕ್ಮಿಣಿಬಾಯಿ, ಬೈಗುಳಕ್ಕೆ ಬೈಗುಳ ಕೊಡುತ್ತ ಕೊಡುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಕಸ್ತೂರಿಬಾಯಿ ಕನ್ನಡಕ್ಕೆ ಬಂದರು.

"ಏನ್ ನೋಡ್ತೀರಿ ರಾಯರ? ಅರ್ಧಾ ಮಾರಿ ಬೋಳಿಸ್ಕೊಂಡು ಬ್ಯಾಂಕಿಗೆ ಹೋಗ್ತೀರೇನು?"

ನಾನು ಒಳಗೆ ಹೋಗಿ ಕನ್ನಡಿಯ ಮುಂದೆ ನಿಂತು ಅತ್ತೆ.

ನವೆಂಬರ್ ಮೂವತ್ತರ ಬೆಳಿಗ್ಗೆಯ ಬಸ್ಸಿನಲ್ಲಿ ಐದು ತಾಸು ಕಸ್ತೂರಿಬಾಯಿ ಮಾತಾಡಿದರು. ಯೇವಲಾದಲ್ಲಿ ಕಂಡಕ್ಟರನ ಜೊತೆ ಜಗಳವಾಡಿದರು. ಆಪರೇಶನ್ ಮುಗಿದ ಮೇಲೆ ಔರಾದಿಗೆ ಹೋಗಿ ಹೊಸ ಜೋಳ ತರಬೇಕೆಂದರು. ನನ್ನ ತಪ್ಪಿಗೆ ದಂಡವಾಗಿ ಅದರ ಚೀಲ ನಾನೇ ಹೊರಬೇಕಂತೆ. ನಾನು ಒಪ್ಪಿದೆ.

ಆಸ್ಪತ್ರೆಯಲ್ಲಿ ಮೊದಲು ಪರದೆಯ ಹಿಂದೆ ಮಲಗಿಸಿ ಗಡ್ಡೆ ನೋಡಿದರು. ದೊಡ್ಡ ಡಾಕ್ಟರೂ ಬಂದು ನೋಡಿದರು. ಎಕ್ಸ್‌ರೇ ತೆಗೆಸಿದರು. ಆಮೇಲೆ ಮನ್ಮಥಪ್ಪನವರನ್ನೂ ನನ್ನನ್ನೂ ಹೊರಗಿನ ಪಡಸಾಲೆಗೆ ಕರೆದರು. ಕಿಮೋ ನಿಂತ ಏಳು ವಾರದಲ್ಲಿ ಗಡ್ಡೆ ಮೊದಲಿನದಕ್ಕಿಂತ ದೊಡ್ಡದಾಗಿದೆ, ಕಂಕುಳು ದಾಟಿ ಪುಪ್ಪುಸಕ್ಕೆ ಇಳಿದಿದೆ, ಇನ್ನು ಕಿಮೋ ಕೊಟ್ಟು ಉಪಯೋಗವಿಲ್ಲ, ಆಪರೇಶನ್ನೂ ಇಲ್ಲ, ಎಂದರು. "ಮತ್ತ ಬಾಯಿ?" ಎಂದು ಕೇಳಿದರು ಮನ್ಮಥಪ್ಪ, ಬೇರೇನು ಕೇಳಬೇಕೋ ತಿಳಿಯದೆ. "ಬಾಯಿ ಮಾದಿದೆ" ಎಂದರು ಮಂದಾಕಿನಿ. ಪುಡಿಯಿಂದಲೋ, ಕಿಮೋ ನಿಂತದ್ದರಿಂದ ತಾನಾಗಿಯೋ ಎಂದು ನಾನು ಕೇಳಲಿಲ್ಲ. ಅವರು ಗೊತ್ತಿಲ್ಲ ಎನ್ನುತ್ತಾರೆಂದು ನನಗೆ ಗೊತ್ತಿತ್ತು.

ಒಳಗೆ ಬಂದಾಗ ಕಸ್ತೂರಿಬಾಯಿ ಸೀರೆ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಕರಡಿಗೆಯನ್ನು ಸೆರಗಿನ ಹೊರಗೆ ಹಾಕಿಕೊಂಡಿದ್ದರು.

"ಏನ್ರಿ ಡಾಕ್ಟರಬಾಯಿ, ಇದರ ಸಲುವಾಗಿ ಇಷ್ಟು ದೂರ ಬಂದೀವಿ, ಬಾಯಿ ನೋಡಲೇ ಇಲ್ಲಲ್ಲ ನೀವು?" ಎಂದು ಹುರುಪಿನಲ್ಲಿ ಮರಾಠಿ ಮರೆತು ಕನ್ನಡದಲ್ಲೇ ಅಂದು, ನನ್ನ ಕಡೆ ಕೈ ಮಾಡಿದರು. "ಹೇಳ್ರಿ ರಾಯರ ಅವರಿಗೆ, ಬಾಯಿ ಚೊಕ್ಕ ಆಗ್ಯಾದ, ಇಂಜೆಕ್ಷನ್ ಇವತ್ತೇ ಕೊಡ್ರಿ ಅಂತ."

ನಾನು ಹೇಳುವುದು ಬೇಕಾಗಲಿಲ್ಲ. ಕಸ್ತೂರಿಬಾಯಿ ತಲೆ ಮೇಲೆತ್ತಿ ಬಾಯಿಯನ್ನು ಪೂರ್ತಿ ತೆರೆದು, ನಾಲಗೆ ಎತ್ತಿ, ಒಂದು ಕೆನ್ನೆ ತೋರಿಸಿ, ಇನ್ನೊಂದು ಕೆನ್ನೆ ತೋರಿಸಿದರು. ಮಂದಾಕಿನಿ ಡಾಕ್ಟರು ಟಾರ್ಚ್ ಹಚ್ಚಿ ಬಗ್ಗಿದರು. ನೋಡಲು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅವರು ಟಾರ್ಚನ್ನು ಆ ಮೂಲೆಗೆ, ಈ ಮೂಲೆಗೆ ಹಿಡಿದು ನೋಡುತ್ತಲೇ ಇದ್ದರು. ಮನ್ಮಥಪ್ಪನವರು ಅಭ್ಯಾಸದಂತೆ ಗಡಿಯಾರ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ಎರಡು ನಿಮಿಷ ದಾಟಿತು. ಕಸ್ತೂರಿಬಾಯಿ ಬಾಯಿ ತೆರೆದುಕೊಂಡೇ ಇದ್ದರು.